ಸಂಪಾದಕರ ಉತ್ತರ: ಮಾಸ್ತರ್ರೇ, ನೀವು ಹೊರಗ ಕೂಡ್ರಿ

ಗದುಗಿನ ಬೆಟಗೇರಿಯಿಂದ ನಿವೃತ್ತ ಮಾಸ್ತರರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮಗಳು ತವರಿಗೆ ಬಂದು ಒಂದೂವರೆ ವರ್ಷವಾಯಿತು. ಅಳಿಯ ಹುಬ್ಬಳ್ಳಿಯಲ್ಲಿದ್ದಾನೆ. ಸೋಡಚೀಟಿಗೆ, ಅಂದರೆ ವಿಚ್ಛೇದನಕ್ಕೆ, ಇಬ್ಬರದೂ ಒಪ್ಪಿಗೆ ಇದೆ, ಜಗ್ಗಾಟವೆಲ್ಲ ನಾಲ್ಕು ವರ್ಷದ ಮೊಮ್ಮಗಳ ಮೇಲೆ. ಮಧ್ಯಸ್ಥಿಕೆ ಕೇಂದ್ರದಲ್ಲಿ ಕೂತು ಮಾತಾಡಿಕೊಂಡು ಬನ್ನಿ ಎಂದು ನ್ಯಾಯಾಧೀಶರು ಕಳಿಸಿದ್ದಾರೆ. ಮಾಸ್ತರರಿಗೆ ಸಿಟ್ಟು ಬಂದಿದೆ. “ಐದು ವರ್ಷದೊಳಗಿನ ಕೂಸು ತಾಯಿಗೇ ಅಂತ ಕಾಯ್ದೆನ ಐತಿ. ಗೆಲ್ಲೋ ಕೇಸಿನ್ಯಾಗ ಅವರ ಮುಂದ ಹೋಗಿ ಯಾಕ ಕುಂದರಬೇಕು? ಹೋಗೂದ ಆದ್ರ ನಾಕು ಮಂದಿ ಹಿರೇರನ್ನ ಕರಕೊಂಡ ಹೋಗತೇನಿ. ನೀವೇನಂತೀರಿ?”

ಮಾಸ್ತರ್ರೇ, ಮೊದಲು ನಿಮ್ಮ ಅಕ್ಷರಕ್ಕೊಂದು ನಮಸ್ಕಾರ. ಇಂಥ ಕೈಬರಹ ನಮ್ಮ ಕಚೇರಿಗೆ ಬಂದು ಎಷ್ಟು ಕಾಲವಾಯಿತೋ. ಆದರೆ ಕಾಯ್ದೆಯನ್ನು ನೀವು ಅರ್ಧ ಮಾತ್ರ ಓದಿದ್ದೀರಿ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಮಿನಲ್ಲಿ, ಐದು ತುಂಬದ ಮಗು ‘ಸಾಮಾನ್ಯವಾಗಿ’ ತಾಯಿಯ ಹತ್ತಿರ ಇರಬೇಕು ಎಂದಿದೆ. ಜೀವಮಾನವೆಲ್ಲ ವ್ಯಾಕರಣ ಕಲಿಸಿದ ನಿಮಗೆ ಆ ‘ಸಾಮಾನ್ಯವಾಗಿ’ಯ ತೂಕ ನಾನು ಹೇಳಬೇಕೇ? ಅದೇ ಕಾಯ್ದೆಯ 13ನೇ ಕಲಮು ಮಗುವಿನ ಹಿತವನ್ನು ಎಲ್ಲಕ್ಕಿಂತ ಮೇಲಿಟ್ಟಿದೆ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನ ಪ್ರಕಾರ ಮಕ್ಕಳ ವಿಷಯದ ಆದೇಶವನ್ನು ಮುಂದೆ ಬದಲಿಸಲೂ ಬರುತ್ತದೆ. ಇವತ್ತು ನೀವು ಗೆದ್ದ ಕೇಸು ಕೂಸು ಎರಡನೆಯ ಇಯತ್ತೆಗೆ ಹೋಗುವಾಗ ಮತ್ತೆ ಎದ್ದು ಕೂಡಬಹುದು. ಆಗ ವಕೀಲರಿಗೆ ವಯಸ್ಸಾಗಿರುವುದಿಲ್ಲ, ನಿಮಗೆ ಆಗಿರುತ್ತದೆ.

ಕೋರ್ಟು ಬೇಡವೇ ಬೇಡ ಎನ್ನುವ ಮನುಷ್ಯ ನಾನಲ್ಲ. ಹೊಡೆತ ಬಡಿತ ಇದ್ದಲ್ಲಿ, ಮಗುವನ್ನು ಎತ್ತಿಕೊಂಡು ಹೋಗಿ ಬಚ್ಚಿಟ್ಟಲ್ಲಿ, ಆದೇಶವೇ ಬೇಕು. ‘ಸ್ವಲ್ಪ ಹೊಂದಿಕೊಂಡು ಹೋಗವಾ’ ಎಂದು ಯಾರಾದರೂ ಒತ್ತಾಯ ಮಾಡಿದರೆ ನಿಮ್ಮ ಮಗಳು ಎದ್ದು ಬರಲಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಕಂಡದ್ದು ಮರ್ಯಾದೆಯ ಪ್ರಶ್ನೆ ಒಂದೇ.

ಎದುರುಬದುರು ಕೂತು ಮಾತಾಡುವುದರ ಬಗ್ಗೆ ನನಗೊಂದು ಹುಚ್ಚಿದೆ ಎಂದು ನಮ್ಮ ಹಳೆಯ ಓದುಗರಿಗೆ ಗೊತ್ತು. ಅದಕ್ಕೆ ಕಾರಣವೂ ಇದೆ. ಕಟ್ಟು ಕಟ್ಟು ಫೈಲುಗಳ ನಡುವೆ ಕೂತ ನ್ಯಾಯಾಧೀಶರು ಎಷ್ಟೇ ಒಳ್ಳೆಯವರಿರಲಿ, ‘ಎರಡನೆಯ ಮತ್ತು ನಾಲ್ಕನೆಯ ಭಾನುವಾರ, ಬೆಳಿಗ್ಗೆ 10ರಿಂದ ಸಂಜೆ 5’ ಎಂದು ಬರೆಯಬಲ್ಲರು. ಶಿವರಾತ್ರಿಗೆ ಸಿದ್ಧಾರೂಢರ ತೇರು ಎಳೆಯುವಾಗ ಕೂಸು ಅಪ್ಪನ ಹೆಗಲ ಮೇಲಿರಬೇಕೋ ಬೇಡವೋ, ತೋಂಟದಾರ್ಯ ಜಾತ್ರೆಗೆ ಅದು ಗದುಗಿನಲ್ಲಿರಬೇಕೋ ಬೇಡವೋ ಅವರಿಗೇನು ಗೊತ್ತು? ಜ್ವರ ಬಂದ ಭಾನುವಾರದ ಬದಲು ಯಾವ ವಾರ, ಸಾಲಿಯ ಫೀ ಯಾರು ತುಂಬಬೇಕು, ರಾತ್ರಿ ಫೋನು ಎಷ್ಟೊತ್ತಿಗೆ, ಇವು ಗೊತ್ತಿರುವುದು ಇಬ್ಬರಿಗೇ. ಆ ಇಬ್ಬರೂ ಇದನ್ನೆಲ್ಲ ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳುವುದಿಲ್ಲ.

ವಕೀಲ ಗೆಳೆಯರೊಬ್ಬರು ಹೇಳಿದ್ದು. ಗಂಡ ಹುಬ್ಬಳ್ಳಿ, ಹೆಂಡತಿ ಹಾವೇರಿ. ಮಗನನ್ನು ಬಿಡಲು ಇವಳು ಅವರ ಮನೆ ಹೊಸ್ತಿಲು ತುಳಿಯುವುದಿಲ್ಲ, ಕರೆದೊಯ್ಯಲು ಅವನು ಇವರ ಓಣಿಗೆ ಕಾಲಿಡುವುದಿಲ್ಲ. ಎರಡು ವರ್ಷ ತಾರೀಖಿನ ಮೇಲೆ ತಾರೀಖು. ಮಧ್ಯಸ್ಥಿಕೆಗೆ ಕೂತ ಮೂರನೆಯ ದಿನ ಅವಳೇ ಅಂದಳಂತೆ: “ಶಿಗ್ಗಾಂವಿ ಬಸ್ ಸ್ಟ್ಯಾಂಡಿಗೆ ಬಾ. ಅಲ್ಲಿ ನಮ್ಮವರೂ ಇಲ್ಲ, ನಿಮ್ಮವರೂ ಇಲ್ಲ.” ಅಷ್ಟಕ್ಕೆ ಮುಗಿಯಿತು. ಈಗ ಶನಿವಾರ ಮಧ್ಯಾಹ್ನ ಆ ಹುಡುಗ ಶಿಗ್ಗಾಂವಿಯಲ್ಲಿ ಇಬ್ಬರ ನಡುವೆ ನಿಂತು ಕಬ್ಬಿನ ಹಾಲು ಕುಡಿಯುತ್ತಾನೆ, ಆಮೇಲೆ ಬಸ್ಸು ಬದಲಿಸುತ್ತಾನೆ. ನಿಮಗೆ ಗದಗ ಹುಬ್ಬಳ್ಳಿ ನಡುವೆ ಅಣ್ಣಿಗೇರಿ ಇದೆ ಮಾಸ್ತರ್ರೇ, ಯೋಚನೆ ಮಾಡಿ.

ಅಲ್ಲಿ ಆಡಿದ ಮಾತನ್ನೇ ನಾಳೆ ನಮ್ಮ ಮೇಲೆ ಎತ್ತಿದರೆ ಎಂದು ಕೇಳಿದ್ದೀರಿ. ಎತ್ತಲು ಬರುವುದಿಲ್ಲ. ಒಂದು ಅಪವಾದ ಮಾತ್ರ ಇದೆ: ಮಗುವಿನ ಸುಪರ್ದಿಯ ಕೇಸೊಂದರಲ್ಲಿ 2019ರಲ್ಲಿ ಸುಪ್ರೀಂ ಕೋರ್ಟು, ಮಧ್ಯಸ್ಥಿಕೆಯ ವೇಳೆ ಮಗುವಿನ ಜೊತೆ ಮಾತಾಡಿದ ಆಪ್ತಸಲಹೆಗಾರರ ವರದಿಗೆ ಈ ಗೋಪ್ಯತೆ ಅನ್ವಯಿಸುವುದಿಲ್ಲ ಎಂದಿತು. ಒಪ್ಪಂದ ಬಾಯಿಮಾತೂ ಅಲ್ಲ. ಬರೆದು, ಇಬ್ಬರೂ ಸಹಿ ಮಾಡಿ, ಕೋರ್ಟಿನ ಮುಂದಿಟ್ಟು ಆದೇಶ ಮಾಡಿಸಿಕೊಳ್ಳುತ್ತಾರೆ. ಹೊಂದಿಕೆ ಆಗದಿದ್ದರೆ ಕೇಸು ಇದ್ದಲ್ಲಿಗೇ ವಾಪಸು, ಯಾರದು ತಪ್ಪು ಎಂದು ಯಾರೂ ಬರೆದು ಕಳಿಸುವುದಿಲ್ಲ. ಕೇಸನ್ನು ಮಧ್ಯಸ್ಥಿಕೆಗೆ ಕಳಿಸಲು ಅವಕಾಶ ಕೊಡುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು 2002ರಿಂದ ಜಾರಿಯಲ್ಲಿದೆ, 2023ರಲ್ಲಿ ಮಧ್ಯಸ್ಥಿಕೆಗೆಂದೇ ಕಾಯ್ದೆ ಬಂದಿದೆ. ಹೊಸ ಫ್ಯಾಶನ್ ಎಂದು ಬರೆದಿದ್ದೀರಲ್ಲ, ಅದಕ್ಕೆ ಹೇಳಿದೆ.

ಇನ್ನು ನಿಮ್ಮ ನಾಲ್ಕು ಮಂದಿ ಹಿರಿಯರು. ಇಲ್ಲಿ ನಾನು ಸ್ವಲ್ಪ ಬಯ್ಯುತ್ತೇನೆ, ಸಹಿಸಿಕೊಳ್ಳಿ. ನಮ್ಮೂರ ಚಾವಡಿಯ ಪಂಚಾಯ್ತಿಗಳನ್ನು ನಾನೂ ಸಣ್ಣವನಿದ್ದಾಗ ನೋಡಿದ್ದೇನೆ. ತಾಟು ತುಂಬ ಎಲಿ ಅಡಿಕಿ, ಪಟಗಾ ಸುತ್ತಿದ ತಲೆಗಳು, ಗಾದೆಯ ಮೇಲೆ ಗಾದೆ. ಯಾರ ಬಾಳಿನ ಮಾತು ನಡೆದಿತ್ತೋ ಆ ಹೆಣ್ಣುಮಗಳು ಬಾಗಿಲ ಮರೆಯಲ್ಲಿ ಸೆರಗು ಕಚ್ಚಿಕೊಂಡು ನಿಂತಿರುತ್ತಿದ್ದಳು. ‘ನಮ್ಮಲ್ಲಿ ಮೊದಲಿಂದ ರಾಜಿ ಪದ್ಧತಿ ಇತ್ತು’ ಎಂದು ಭಾಷಣ ಮಾಡುವವರು ಆ ಬಾಗಿಲಿನ ಸುದ್ದಿ ಎತ್ತುವುದಿಲ್ಲ. ಚಾವಡಿಯಲ್ಲಿ ಹಿರಿಯರು ತೀರ್ಪು ಕೊಡುತ್ತಿದ್ದರು. ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ, ಅವಳನ್ನು ಕುರ್ಚಿಯ ಮೇಲೆ ಕೂಡ್ರಿಸಿ ‘ನಿನಗೇನು ಬೇಕು’ ಎಂದು ಕೇಳುತ್ತಾರೆ. ನೀವು ಪಕ್ಕದಲ್ಲಿ ಕೂತಿದ್ದರೆ ಅವಳು ಏನು ಹೇಳುತ್ತಾಳೆ? ನಿಮಗೆ ಬೇಕಾದ್ದನ್ನು ಹೇಳುತ್ತಾಳೆ. ಆ ಕಡೆ ಬೀಗರು ಕೂತಿದ್ದರೆ ಅವನೂ ಅಷ್ಟೇ. ನಾನು ಕಂಡ ಇಂಥ ಜಗಳಗಳಲ್ಲಿ ಗಂಡ ಹೆಂಡಿರು ಬೇಗ ತಣ್ಣಗಾಗುತ್ತಾರೆ, ಬೀಗರು ಆಗುವುದಿಲ್ಲ. ಮದುವೆಯಲ್ಲಿ ಯಾರಿಗೆ ಎಂಥ ಆಹೇರಿ ಕೊಟ್ಟಿರಿ ಎನ್ನುವುದು ಬೀಗರಿಗೆ ಇನ್ನೂ ನೆನಪಿರುತ್ತದೆ.

ಸರ್ಕಾರದ ಮೇಲೂ ನನಗೆ ತಕರಾರಿದೆ. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಗೆ ಕಾಯ್ದೆಯಲ್ಲೇ ಜಾಗ ಕೊಡಿ ಎಂದು ಶಿಫಾರಸು ಮಾಡಿತು. ವರದಿ ವರದಿಯಾಗಿಯೇ ಉಳಿದಿದೆ. ಅಪ್ಪನನ್ನು ನೋಡಲು ಬಂದ ಕೂಸು ಕೋರ್ಟಿನ ಪಡಸಾಲೆಯಲ್ಲಿ, ಕೋಳ ಹಾಕಿದ ಆರೋಪಿಯ ಪಕ್ಕದ ಬೆಂಚಿನಲ್ಲಿ ಬಿಸ್ಕೀಟು ತಿನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಬ್ಬರಿಗೂ ಆಡಲು ಮಾತಿರಲಿಲ್ಲ, ಅಪ್ಪ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ. ಊರಿಗೊಂದು ಕಲ್ಯಾಣ ಮಂಟಪ ಕಟ್ಟುತ್ತೇವೆ, ಮುರಿದ ಮನೆಯ ಕೂಸು ಅಪ್ಪನ ಜೊತೆ ಎರಡು ತಾಸು ಆಡಲು ಒಂದು ಖೋಲಿ ಕಟ್ಟುವುದಿಲ್ಲ.

ಆದ್ದರಿಂದ ಮಾಸ್ತರ್ರೇ, ಮಗಳನ್ನು ಕರೆದುಕೊಂಡು ಹೋಗಿ, ಬಾಗಿಲ ತನಕ. ಆಮೇಲೆ ಹೊರಗೆ ಚಹಾ ಕುಡಿಯಿರಿ, ಬೀಗರು ಬಂದಿದ್ದರೆ ಅವರಿಗೂ ಒಂದು ಕಪ್ಪು ಹೇಳಿ. ಅವಳ ಕೈಗೆ ಎರಡು ಕಾಗದ ಕೊಟ್ಟು ಕಳಿಸಿ: ಸಾಲಿಯ ರಜೆಯ ಪಟ್ಟಿ, ಗೋಡೆಯ ಕ್ಯಾಲೆಂಡರು. ನಾಗರ ಪಂಚಮಿ ನಮಗಿರಲಿ ಎಂದು ಮೊದಲೇ ಕೇಳಲಿ, ಜೋಕಾಲಿ ಉಂಡಿ ಎಲ್ಲ ತವರಿನದೇ. ಗಣಪತಿಯನ್ನು ಹುಬ್ಬಳ್ಳಿಗೆ ಬಿಟ್ಟುಕೊಡಲಿ. ಹೇಗೂ ಗಣಪತಿ ಹುಬ್ಬಳ್ಳಿಯದೇ ದೊಡ್ಡದು.