ಐಟಿಐ ಮುಗಿದ ಮೇಲಿನ ಒಂದು ವರ್ಷ

ಪ್ರಶ್ನೆ: ನನ್ನ ಮಗ ಫಿಟ್ಟರ್ ಟ್ರೇಡ್‌ನಲ್ಲಿ ಎರಡು ವರ್ಷದ ಐಟಿಐ ಮುಗಿಸಿದ್ದಾನೆ. ಸುತ್ತಮುತ್ತ ಇಷ್ಟು ಉಕ್ಕಿನ ಕಾರ್ಖಾನೆಗಳಿದ್ದರೂ ಹೋದಲ್ಲೆಲ್ಲ ‘ಅನುಭವ ಎಷ್ಟು?’ ಎಂದು ಕೇಳಿ ವಾಪಸ್ ಕಳಿಸುತ್ತಾರೆ. ಬೇಸತ್ತು ಈಗ ಗುತ್ತಿಗೆದಾರರೊಬ್ಬರ ಬಳಿ ಹೆಲ್ಪರ್ ಆಗಿ ಸೇರುತ್ತೇನೆ ಎನ್ನುತ್ತಿದ್ದಾನೆ. ಸಂವಿಧಾನದ 371ಜೆ ವಿಧಿ ಇದ್ದೂ ನಮ್ಮ ಮಕ್ಕಳಿಗೆ ಕೆಲಸವಿಲ್ಲವೇ? ಸರ್ಕಾರದ ಕೌಶಲ ಯೋಜನೆಗಳು ಯಾರಿಗಾಗಿ?
– ಓದುಗರೊಬ್ಬರು, ಗಿಣಿಗೇರಾ, ಕೊಪ್ಪಳ ತಾಲ್ಲೂಕು

ಉತ್ತರ: ಮೊದಲು 371ಜೆ ವಿಚಾರ. ಅದು ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ಸೀಟುಗಳಲ್ಲಿ ಹಾಗೂ ರಾಜ್ಯ ಸರ್ಕಾರದ ಹುದ್ದೆಗಳಲ್ಲಿ ಮೀಸಲಾತಿ ಕೊಡುತ್ತದೆ. ಖಾಸಗಿ ಕಾರ್ಖಾನೆಗಳಿಗೆ ಅನ್ವಯಿಸುವುದಿಲ್ಲ. ಅನ್ವಯಿಸುತ್ತದೆಂದು ನಂಬಿ ವರ್ಷಗಟ್ಟಲೆ ಕಾದ ಕುಟುಂಬಗಳಿರುವುದರಿಂದ ನೇರವಾಗಿ ಹೇಳುತ್ತಿದ್ದೇನೆ.

ನಿಮ್ಮ ಮಗನನ್ನು ಹೆಲ್ಪರ್ ಕೆಲಸಕ್ಕೆ ಕಳಿಸುವ ಮೊದಲು ಅಪ್ರೆಂಟಿಸ್ ಆಗಿ, ಅಂದರೆ ಶಿಷ್ಯವೇತನ ಪಡೆದು ಕಾರ್ಖಾನೆಯಲ್ಲೇ ಕೆಲಸ ಕಲಿಯುವವನಾಗಿ, ಸೇರಿಸಲು ಪ್ರಯತ್ನಿಸಿ. ಐಟಿಐನಲ್ಲಿ ಅವನು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ, ಮೂಲೆ ನೇರವಿದೆಯೇ ಎಂದು ನೋಡುವ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು, ಸಂದಿಯಲ್ಲಿ ಬೆಳಕು ನುಸುಳದಂತೆ ಮಟ್ಟ ಮಾಡಲು ಕಲಿತಿದ್ದಾನೆ. ಆ ಕೈಚಳಕ ವ್ಯರ್ಥವಲ್ಲ. ಆದರೆ ರಾತ್ರಿ ಪಾಳಿಯಲ್ಲಿ ಕನ್ವೇಯರ್ ನಿಂತಾಗ ಪರ್ಮಿಟ್ ಪಡೆದು, ವಿದ್ಯುತ್ ಕಡಿದು, ಸ್ವಿಚ್ಚಿಗೆ ಬೀಗ ಹಾಕಿದ ಮೇಲೆಯೇ ಬೇರಿಂಗ್‌ಗೆ ಕೈ ಹಾಕಬೇಕೆಂಬ ಶಿಸ್ತು ಓಡುವ ಕಾರ್ಖಾನೆಯ ಒಳಗೇ ಮೈಗೂಡಬೇಕು. ಕಂಪನಿಯವರು ‘ಅನುಭವ’ ಎಂದು ಕೇಳುವುದರಲ್ಲಿ ದೊಡ್ಡ ಪಾಲು ಇದೇ.

1961ರ ಅಪ್ರೆಂಟಿಸ್ ಕಾಯ್ದೆಯ ಉದ್ದೇಶವೂ ಇದೇ ಆಗಿದೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ, ಗುತ್ತಿಗೆ ಕಾರ್ಮಿಕರನ್ನೂ ಸೇರಿಸಿ ಎಣಿಸಿದ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಐಟಿಐ ಪಾಸಾದವರಿಗೆ ಆಗ ನಿಗದಿಯಾದ ಕನಿಷ್ಠ ಶಿಷ್ಯವೇತನ ತಿಂಗಳಿಗೆ 7,000 ರೂಪಾಯಿ. ಫಿಟ್ಟರ್‌ಗೆ ಸಾಮಾನ್ಯವಾಗಿ ಒಂದು ವರ್ಷದ ಅವಧಿಯಿದ್ದು, ಕೊನೆಯಲ್ಲಿ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಸಿಗುತ್ತದೆ. ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಓದಿದ ಐಟಿಐನ ಪ್ರಾಂಶುಪಾಲರನ್ನೂ ಕಂಡು ಬನ್ನಿ. ಪೋರ್ಟಲ್‌ನಲ್ಲಿ ದಾಖಲಾದ ಒಪ್ಪಂದವಿಲ್ಲದೆ ‘ಟ್ರೇನಿ’ ಎಂದು ಬಾಯಿಮಾತಿನಲ್ಲಿ ಸೇರಿಸಿಕೊಂಡರೆ ಒಪ್ಪಬೇಡಿ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಮಾತ್ರ, ಒಪ್ಪಂದದಲ್ಲಿ ಹಾಗೆ ಬರೆದಿರದಿದ್ದರೆ, ಕಂಪನಿಗೆ ಇಲ್ಲ.

ಮನೆಯ ಕಷ್ಟಕ್ಕೆ ಗುತ್ತಿಗೆ ಕೆಲಸ ಅನಿವಾರ್ಯವಾದರೆ ಪಿಎಫ್ ಖಾತೆ ತೆರೆಸಿಕೊಳ್ಳಲಿ, ಮಾಡಿದ ಕೆಲಸದ ಹೆಸರಿರುವ ಅನುಭವ ಪತ್ರವನ್ನೂ ಪಡೆಯಲಿ. ಎರಡು ವರ್ಷ ದೂಳು ಗುಡಿಸಿದ ಹುಡುಗನನ್ನು ಯಾರೂ ಫಿಟ್ಟರ್ ಎಂದು ಕರೆಯುವುದಿಲ್ಲ.

ಯೋಜನೆಗಳು ಯಾರಿಗಾಗಿ ಎಂಬ ನಿಮ್ಮ ನೋವು ನ್ಯಾಯವಾದದ್ದು. 2009ರ ರಾಷ್ಟ್ರೀಯ ಕೌಶಲ ನೀತಿ 2022ರೊಳಗೆ 50 ಕೋಟಿ ಜನರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡಿತ್ತು. ತರಬೇತಿ ಪಡೆದವರ ತಲೆ ಎಣಿಸುವುದು ಸುಲಭ. ಅವರು ವರ್ಷದ ನಂತರವೂ ಅದೇ ಕೆಲಸದಲ್ಲಿ ಉಳಿದಿದ್ದಾರೆಯೇ ಎಂದು ಕೇಳುವವರು ಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕೌಶಲ ಸಮಿತಿ ಇರುವುದು ಇಂಥ ಲೆಕ್ಕಕ್ಕೇ. ಗಿಣಿಗೇರಾದ ಕಾರ್ಖಾನೆಗಳಿಗೆ ಎಷ್ಟು ಫಿಟ್ಟರ್‌ಗಳು ಬೇಕು, ಗಂಗಾವತಿಯ ರೈಸ್‌ಮಿಲ್ಲುಗಳಿಗೆ ಎಷ್ಟು ಎಲೆಕ್ಟ್ರಿಷಿಯನ್‌ಗಳು ಬೇಕು ಎಂಬುದು ಆ ಸಮಿತಿಯ ಮೇಜಿನ ಮೇಲಿರಬೇಕು. ನಿಮ್ಮಂಥ ಪೋಷಕರು ನಾಲ್ಕೈದು ಮಂದಿ ಕೂಡಿ ಇದನ್ನು ಅರ್ಜಿಯಲ್ಲಿ ಬರೆದು ಕೊಡಿ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಪಾಸಾದ ಮಗಳಿಗೆ ‘ಖಚಿತ ಉದ್ಯೋಗ’ ಎಂದು ಹೇಳಿ ತರಬೇತಿ ಕೇಂದ್ರವೊಂದು ಮುಂಗಡ ಶುಲ್ಕ ಕೇಳುತ್ತಿದೆ. ಕಟ್ಟಬಹುದೇ?
– ತಾಯಿಯೊಬ್ಬರು, ಸಿಂಧನೂರು

ಉತ್ತರ: ಈಗಲೇ ಕಟ್ಟಬೇಡಿ. ಪ್ರಮಾಣಪತ್ರ ಕೊಡುವ ಸಂಸ್ಥೆಗೆ ವೃತ್ತಿ ತರಬೇತಿಯನ್ನು ನಿಯಂತ್ರಿಸುವ ಕೇಂದ್ರದ ಮಂಡಳಿಯಾದ ಎನ್‌ಸಿವಿಇಟಿಯ ಮಾನ್ಯತೆ ಇದೆಯೇ ಎಂದು ನೋಡಿ. ಕಳೆದ ವರ್ಷ ಕಲಿತ ಇಬ್ಬರು ಹುಡುಗಿಯರನ್ನು ಭೇಟಿ ಮಾಡಿಸಲು ಕೇಳಿ, ಈಗ ಎಲ್ಲಿ ದುಡಿಯುತ್ತಿದ್ದೀರಿ ಎಂದು ಅವರ ಬಾಯಿಂದಲೇ ತಿಳಿದುಕೊಳ್ಳಿ. ಅದಕ್ಕೂ ಮೊದಲು ಹತ್ತಿರದ ಸರ್ಕಾರಿ ಐಟಿಐಗೆ ಒಮ್ಮೆ ಹೋಗಿ ವಿಚಾರಿಸಿ. ಎಸ್ಸೆಸ್ಸೆಲ್ಸಿ ಪಾಸಾದವರು ಸೇರಬಹುದಾದ ಒಂದು ವರ್ಷದ ಕಂಪ್ಯೂಟರ್ ಟ್ರೇಡ್ ಇದ್ದರೆ ಅಲ್ಲಿ ಶುಲ್ಕವೂ ಕಡಿಮೆ.