ಸಿಂಧನೂರಿನ ಬಿಳಿ ಗೂಬೆ ಹಿಮಗೂಬೆಯಾ?

ಸಿಂಧನೂರಿನ ರೈಸ್ ಮಿಲ್ ಗೋಡೌನಿನಲ್ಲಿ ಕಂಡ ಬಿಳಿ ಗೂಬೆ ಆರ್ಕ್ಟಿಕ್‌ನಿಂದ ಬಂದ ಹಿಮಗೂಬೆ ಇರಬಹುದಾ ಅಂತ ಕೇಳಿದ್ದೀರಿ. ಅಲ್ಲ ರೀ, ಅದು ನಮ್ಮ ಕಣಜ ಗೂಬೆ. ನಿಮ್ಮ ಫೋಟೊ ಮಸುಕಾಗಿದ್ದರೂ ಹೃದಯದಾಕಾರದ ಮುಖ, ಕಪ್ಪು ಕಣ್ಣು ಚೆನ್ನಾಗಿಯೇ ಕಾಣುತ್ತಿವೆ. ಹಿಮಗೂಬೆಗೆ ಹಳದಿ ಕಣ್ಣು, ದುಂಡು ತಲೆ, ಕಾಲ್ಬೆರಳವರೆಗೂ ದಪ್ಪ ಪುಕ್ಕ. ತೂಕವೂ ಎರಡು ಕಿಲೋ ಆಸುಪಾಸು.

ಅದರ ಬದುಕೇ ಬೇರೆ. ಮರಗಳೇ ಇಲ್ಲದ ತುಂಡ್ರಾದಲ್ಲಿ, ದಿಬ್ಬದ ಮೇಲೆ ನೆಲ ಕೆದರಿ ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಹಾಗಾಗಿ ಬೆಳಕಲ್ಲೇ ಬೇಟೆ. ಮುಖ್ಯ ಊಟ ಲೆಮ್ಮಿಂಗ್, ಮೋಟು ಬಾಲದ ಇಲಿಯಂಥ ಪ್ರಾಣಿ. ಲೆಮ್ಮಿಂಗ್ ಜಾಸ್ತಿಯಿದ್ದ ವರ್ಷ ಹಿಮಗೂಬೆ 11 ಮೊಟ್ಟೆವರೆಗೂ ಇಡುತ್ತದೆ; ಇಲ್ಲದ ವರ್ಷ ಎಷ್ಟೋ ಜೋಡಿಗಳು ಗೂಡಿನ ಗೊಡವೆಗೇ ಹೋಗುವುದಿಲ್ಲ. ಮೊದಲ ಮೊಟ್ಟೆಯಿಂದಲೇ ಕಾವು ಶುರು. ಅದಕ್ಕೇ ಒಂದೇ ಗೂಡಲ್ಲಿ ಓಡಾಡುವ ಮರಿಯೂ ಇರುತ್ತದೆ, ಆಗಷ್ಟೇ ಮೊಟ್ಟೆಯೊಡೆದು ಬಂದ ಮರಿಯೂ ಇರುತ್ತದೆ. ಅಚ್ಚ ಬಿಳಿ ಅನ್ನುವುದು ವಯಸ್ಸಾದ ಗಂಡಿಗೆ ಮಾತ್ರ, ಹೆಣ್ಣಿನ ಮೈಮೇಲೆ ಕಂದು ಪಟ್ಟೆಗಳು.

ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುವುದುಂಟು, ಆದರೆ ರಾಯಚೂರಿನ ಬಿಸಿಲಿಗಂತೂ ಅಲ್ಲ!

ಮಿಲ್‌ನವರು ಇಲಿ ಪಾಷಾಣ ಇಟ್ಟಿದ್ದರೆ ತೆಗೆಸಿ. ಅದನ್ನು ತಿಂದ ಇಲಿಯನ್ನು ಹಿಡಿದು ತಿಂದರೆ ಗೂಬೆಯೂ ಸಾಯಬಹುದು. ನೆಲ್ಲಿನ ಚೀಲ ಕಾಯುತ್ತಿರುವುದು ಅದೇ ಅಲ್ವಾ?