ಚೀನಾದ ಮಕ್ಕಳು ಹಿಂದಿನವರಿಗಿಂತ ಇಷ್ಟು ಎತ್ತರ ಬೆಳೆದಿದ್ದು ಹೇಗೆ?
ಮುಖ್ಯವಾಗಿ ಊಟದಿಂದ. 1985ರಿಂದ 2019ರವರೆಗೆ ಸುಮಾರು 200 ದೇಶಗಳ ಲೆಕ್ಕ ನೋಡಿದರೆ ಹುಡುಗರ ಎತ್ತರ ಅತಿ ಹೆಚ್ಚು ಏರಿದ್ದು ಚೀನಾದಲ್ಲೇ, 19 ವರ್ಷದವರ ಸರಾಸರಿ 175 ಸೆಂಟಿಮೀಟರ್ ದಾಟಿದೆ. ಅನ್ನ, ಸೊಪ್ಪೇ ಜಾಸ್ತಿ ಇದ್ದ ತಟ್ಟೆಗೆ ಮೊಟ್ಟೆ, ಮಾಂಸ, ಹಾಲು ಬಂತು. ಕಾಯಿಲೆಗಳೂ ಕಡಿಮೆಯಾದವು. 2011ರಲ್ಲಿ ಬಡ ಹಳ್ಳಿಗಳ ಶಾಲೆಗಳಿಗೆ ಸರ್ಕಾರ ಊಟದ ಯೋಜನೆ ತಂದಿತು, ನಮ್ಮ ಬಿಸಿಯೂಟದ ಹಾಗೆ ಅಂದುಕೊಳ್ಳಿ, ಮಗುವಿಗೆ ದಿನಕ್ಕೆ 3 ಯುವಾನ್, ಆಮೇಲೆ 4, 2021ರಲ್ಲಿ 5. ಆದರೆ ಶುರುವಿನಲ್ಲಿ ಎಷ್ಟೋ ಕಡೆ ಅಡುಗೆಮನೆಯೇ ಇಲ್ಲದೆ ಸುಮ್ನೆ ಹಾಲು, ಬ್ರೆಡ್ಡು ಕೊಟ್ಟು ಮುಗಿಸುತ್ತಿದ್ದರು. ಈಗಿನ ತಲೆನೋವು ಬೇರೆ. 2020ರ ಸರ್ಕಾರಿ ವರದಿಯಲ್ಲಿ 6ರಿಂದ 17 ವರ್ಷದವರ ಪೈಕಿ ಶೇ. 19ರಷ್ಟು ಮಕ್ಕಳಿಗೆ ಅತಿ ತೂಕ ಇಲ್ಲವೇ ಬೊಜ್ಜು. ಸಿಹಿ ಪಾನೀಯ, ಕರಿದ ತಿಂಡಿ, ಹೋಂವರ್ಕ್ ಅಂತ ಕೂತೇ ಇರುವುದು, ಮೊಮ್ಮಗ ದಪ್ಪಗಿದ್ದರೇ ಚಂದ ಅಂತ ಇನ್ನೊಂದು ಬಟ್ಟಲು ಬಡಿಸುವ ಅಜ್ಜಿ. ಗೊತ್ತಿರುವ ಕಥೆಯೇ, ಅಲ್ವಾ?